ನಾಲ್ಕು ಸಮೀಕರಣಗಳ ಮೇಲೊಂದು ತಕರಾರು

ನನ್ನಂಥ ನಿವೃತ್ತ ಫಿಸಿಕ್ಸ್ ಮೇಡಂ ಮನೆಗೆ ಜನ ಸಾಮಾನ್ಯವಾಗಿ ಲಗ್ನಪತ್ರಿಕೆ ಹಿಡಿದು ಬರುತ್ತಾರೆ. ಕೊಟ್ರಪ್ಪನವರು ಮಾತ್ರ ವಿದ್ಯುತ್ಕಾಂತತ್ವದ ಮೇಲೊಂದು ತಕರಾರು ಹಿಡಿದು ಬಂದರು. ಕೂಡ್ಲಿಗಿಯ ಹೆದ್ದಾರಿ ಬದಿಯಲ್ಲಿ, ಸುಟ್ಟ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅವರ ಕಸುಬು. ಕಂಕುಳಲ್ಲಿದ್ದದ್ದು ಹನ್ನೊಂದು ವರ್ಷ ಬರೆದ ನೋಟ್‌ಬುಕ್ಕು.

"ಕರೆಂಟು, ಆಯಸ್ಕಾಂತದ ಮ್ಯಾಲಿನ ನಿಮ್ಮ ನಾಕು ಸಮೀಕರಣ ತಪ್ಪು ಅದಾವ್ರಿ ಮೇಡಮ್ಮಾರ. ಆಯಸ್ಕಾಂತ ಅಲುಗಿದ್ರಷ್ಟ ಕರೆಂಟ್ ಅಂತಾವ. ಸುರುಳಿಯೊಳಗ ಆಯಸ್ಕಾಂತ ಸುಮ್ನ ನಿಂತಿದ್ರೂ ಕರೆಂಟ್ ಹುಟ್ಟತೈತಿ. ಬುಕ್ ಮಾಡಸ್ತೀನಿ, ಮುನ್ನುಡಿ ನೀವ ಬರೀಬೇಕು."

ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ಎರಡು: ಉಣ್ಣುವಾಗ ಸದ್ದು ಮಾಡಬಾರದು, ಸಮೀಕರಣಗಳೊಂದಿಗೆ ವಾದಿಸಬಾರದು. ಮುನ್ನುಡಿ ಬರೆದರೆ ಓದಿದವರು ಅವರನ್ನು ನೋಡಿ ನಕ್ಕಾರು. ಬರೆಯದಿದ್ದರೆ ಹನ್ನೊಂದು ವರ್ಷದ ಆ ಪ್ರೀತಿಗೆ ನಾನೇ ಕೊಳ್ಳಿಯಿಟ್ಟಂತೆ. ನೀವಾದರೂ ಏನು ಮಾಡುತ್ತಿದ್ದಿರಿ, ಹೇಳಿ? ನಾನು ಎಕ್ಸ್‌ಪರಿಮೆಂಟ್ ತೋರಿಸಿ ಎಂದೆ.

ನನ್ನ ಡೈನಿಂಗ್ ಟೇಬಲ್ಲಿನ ಮೇಲೆ ಅವರು ಸುರುಳಿಗೆ ಜೋಡಿಸಿದ ಮೀಟರಿನ ಮುಳ್ಳು ಮಿಸುಕಲಿಲ್ಲ. "ನಿಮ್ಮ ಮನ್ಯಾಗ ಅದಕ್ಕ ನಾಚಿಕಿ," ಎಂದರು. ಸರಿ, ಅವರ ಅಂಗಡಿಗೇ ಹೋದೆ. ತಗಡಿನ ಮಾಡಿನಿಂದ ಇಳಿಬಿಟ್ಟ ಆಯಸ್ಕಾಂತ, ಸುತ್ತ ಸುರುಳಿ. ಮುಳ್ಳು ಚಕ್ಕನೆ ಜಿಗಿಯಿತು! ಓ ಮೈ ಗಾಡ್, ಈ ಇಳಿವಯಸ್ಸಿನಲ್ಲಿ ನಾನು ಕಲಿಸಿದ್ದೆಲ್ಲ ಸುಳ್ಳಾಗುವ ಭಾಗ್ಯವೇ ಎಂದು ಮೀಟರಿಗೆ ಮೂಗು ತಾಗುವಷ್ಟು ಬಗ್ಗಿದೆ.

ತಂತಿ ಸುತ್ತುತ್ತಿದ್ದ ಅವರ ಹೆಂಡತಿ ನೀಲಮ್ಮ ತಲೆಯೆತ್ತದೆ ಹೇಳಿದಳು: "ಹೊಸಪೇಟಿ ಬಸ್ ಹೋತ್ರಿ. ಬಸ್ ಹೋದಾಗೆಲ್ಲ ಅದೂ ಕುಣಿತೈತಿ, ನನ್ನ ಚಾ ಗ್ಲಾಸೂ ಕುಣಿತೈತಿ."

ಕೊಟ್ರಪ್ಪನವರು ಮಾಡನ್ನೊಮ್ಮೆ, ರಸ್ತೆಯನ್ನೊಮ್ಮೆ ನೋಡಿದರು. ಆಯಸ್ಕಾಂತವನ್ನು ಸುರುಳಿಗೇ ಅಲುಗದಂತೆ ಬಿಗಿದರು. ಲಾರಿ ಹೋಯಿತು, ಮತ್ತೊಂದು ಬಸ್ಸು ಹೋಯಿತು. ಮುಳ್ಳು ತೆಪ್ಪಗೆ ಮಲಗಿತ್ತು. ಸುಮ್ಮನಿದೆಯೆಂದು ಅವರು ನಂಬಿದ್ದ ಆಯಸ್ಕಾಂತ ಇಷ್ಟು ದಿನ ಹೆದ್ದಾರಿಯೊಂದಿಗೆ ನಡುಗುತ್ತಿತ್ತು.

"ಹನ್ನೊಂದು ವರ್ಷದಾಗ ಒಮ್ಮ್ಯಾರ ನನ್ನ ಕೇಳೀರೇನ್ರಿ?" ಎಂದಳು ನೀಲಮ್ಮ.

"ಕೇಳಿದ್ರ ನೀ ಬೈಯದ ಹೇಳತಿದ್ಯಾ?" ಅವರು ಅರೆ ನಕ್ಕು ನನ್ನತ್ತ ತಿರುಗಿದರು. "ಮುನ್ನುಡಿ ಬ್ಯಾಡ್ರಿ. ಆ ನಾಕನ್ನೂ ಮೊದಲಿಂದ ಹೇಳಿಕೊಡ್ರಿ. ಎಲ್ಲಿ ಸೋತೆ ಅಂತ ತಿಳೀಬೇಕು."

ನಲವತ್ತು ವರ್ಷ ನಾನು ಕಲಿಸಿದ ವಿದ್ಯಾರ್ಥಿಗಳು ಆ ಸಮೀಕರಣಗಳನ್ನು ಬಾಯಿಪಾಠ ಮಾಡಿ ಪಾಸಾದರು. ಒಬ್ಬರೂ ಅವುಗಳ ಮೇಲೆ ತೋಳೇರಿಸಲಿಲ್ಲ. ಈಗ ಭಾನುವಾರಗಳಂದು ನಮಗೆ ಕ್ಲಾಸು. ಮೊನ್ನೆ ಎರಡನೆಯ ಸಮೀಕರಣಕ್ಕೆ ಬಂದೆವು: ಆಯಸ್ಕಾಂತವನ್ನು ಎಷ್ಟು ತುಂಡರಿಸಿದರೂ ಎರಡು ಧ್ರುವ ಇದ್ದೇ ಇರುತ್ತವೆ, ಒಂಟಿ ಧ್ರುವವಿಲ್ಲ.

"ಇಲ್ಲ ಅಂತ ಯಾರು ನೋಡ್ಯಾರ್ರಿ?"

ನಿಜ ಹೇಳಬೇಕಲ್ಲ. "ಯಾರಿಗೂ ಇನ್ನೂ ಸಿಕ್ಕಿಲ್ಲ. ಆದರೆ ದೊಡ್ಡ ದೊಡ್ಡವರು ಹುಡುಕುತ್ತಲೇ ಇದ್ದಾರೆ."

ಕೊಟ್ರಪ್ಪನವರು ಚೀಲದಿಂದ ಹೊಸ ನೋಟ್‌ಬುಕ್ ತೆಗೆದು ಜೇಬು ತಡಕಿದರು. ನಾನೇ ಪೆನ್ನು ಕೊಟ್ಟೆ.