ಸುಳ್ಳು ಕುಸ್ತಿಯ ಬೀಗರು

ಮದುವೆಯಾಗಿ ಹುಬ್ಬಳ್ಳಿಯ ದೇಶಪಾಂಡೆ ನಗರಕ್ಕೆ ಬಂದ ಮೇಲೆ ನಾನು ಕಲಿತ ಮೊದಲ ವಿದ್ಯೆ ಕುಸ್ತಿ ನೋಡುವುದು. ಕಲಿಸಿದ ಗುರು ನನ್ನ ಅತ್ತೆ. ಧಾರವಾಡದ ತವರಿನಲ್ಲಿ ಇದನ್ನು ಬಹಳ ದಿನ ಹೇಳಿರಲಿಲ್ಲ. ಅದು ಸಂಜೆಯಾದರೆ ತಂಬೂರಿ ಶ್ರುತಿ ಮಾಡುವ ಮನೆ. ಅತ್ತೆ ಏನೇನು ಕಲಿಸುತ್ತಿದ್ದಾರೆಂದು ಅವ್ವ ಕೇಳಿದರೆ, ಹೋಳಿಗೆ ಎಂದುಬಿಡುತ್ತಿದ್ದೆ.

ಅದು ತೊಂಬತ್ತರ ದಶಕ. ನಮ್ಮ ಓಣಿಗೆ ಕೇಬಲ್ ಹೊಸದಾಗಿ ಬಂದಿತ್ತು. ಅತ್ತೆ ವಿಭೂತಿ ಹಚ್ಚಿ ಲಿಂಗಪೂಜೆ ಮುಗಿಸದೆ ಹನಿ ನೀರು ಮುಟ್ಟುವವರಲ್ಲ. ಅಂಥವರು ಮಧ್ಯಾಹ್ನ ಮೊರದಲ್ಲಿ ಕಾಳು ಆರಿಸುತ್ತ, ಚಡ್ಡಿ ತೊಟ್ಟ ಪರದೇಶದ ದೈತ್ಯರು ಒಬ್ಬರನ್ನೊಬ್ಬರು ಎತ್ತಿ ಒಗೆಯುವುದನ್ನು ನೋಡುತ್ತ ಕೂರುತ್ತಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ. ಹೆಸರುಗಳನ್ನು ತಾವೇ ಇಟ್ಟಿದ್ದರು. ತಲೆ ಬೋಳಿಸಿ ಮೀಸೆ ಇಳಿಬಿಟ್ಟವನು ಬೋಳ್ಯಾ. ಕೈಗನ್ನಡಿಯಲ್ಲಿ ತನ್ನ ಬಂಗಾರದ ಕೂದಲು ನೋಡಿಕೊಳ್ಳುತ್ತ ಅಖಾಡಕ್ಕೆ ಬರುವವನು ಕನ್ನಡೆಪ್ಪ. ಒಂದು ಕಾಲಕ್ಕೆ ಇಬ್ಬರೂ ಜೀವದ ಗೆಳೆಯರಂತೆ. ಒಂದು ದಿನ ಬೋಳ್ಯಾ ಗೆದ್ದು ಕೈಯೆತ್ತಿ ನಿಂತಾಗ ಕನ್ನಡೆಪ್ಪ ಹಿಂದಿನಿಂದ ಒದ್ದ. ಆ ರಾತ್ರಿ ಅತ್ತೆ ಅರ್ಧ ರೊಟ್ಟಿ ಬಿಟ್ಟೆದ್ದರು.

"ಗೆಳ್ಯಾನ ಬೆನ್ನಿಗೆ ಒದೀತಾನಂದ್ರ ಅವ ಎಂಥಾ ಮನಿತನದವ ಇರಬೇಕು," ಎಂದು ನನ್ನನ್ನು ಕೇಳಿದರು. ಕನ್ನಡೆಪ್ಪನ ಮನೆತನ ನನಗೆ ಗೊತ್ತಿರಲಿಲ್ಲ. ಆದರೂ ಹೂಂ ಎಂದೆ. ಸ್ನೇಹಕ್ಕಾದರೂ ಒಂದೆರಡು ಮಾತು ಬೇಕು, ವೈರಕ್ಕೆ ಯಾವ ಭಾಷೆಯೂ ಬೇಡ ಎಂಬುದು ನನಗೆ ತಿಳಿದದ್ದು ಆಗಲೇ.

ಕುಸ್ತಿ ನಡೆಸುವವರು ಇಂಥ ವೈರಗಳನ್ನು ತಿಂಗಳುಗಟ್ಟಲೆ ಕುದಿಸಿ, ಕೊನೆಗೊಂದು ದೊಡ್ಡ ಪಂದ್ಯದಲ್ಲಿ ಇಳಿಸುತ್ತಿದ್ದರು. ಆ ದೇಶದಲ್ಲಿ ಅದೊಂದನ್ನು ಮನೆಯಲ್ಲಿ ಕೂತು ನೋಡಲು ಬೇರೆಯಾಗಿಯೇ ದುಡ್ಡು ಕಟ್ಟಬೇಕಂತೆ. ನಮಗೆ ಕೆಲವು ದಿನ ತಡವಾಗಿ, ಉಳಿದ ಚಾನೆಲ್ಲುಗಳ ಜೊತೆಗೇ ಬರುತ್ತಿತ್ತು. ತಂಗಳಾದರೂ ಅತ್ತೆಗೆ ಹಬ್ಬ.

ಬೋಳ್ಯಾ ಮತ್ತು ಕನ್ನಡೆಪ್ಪನ ಆ ದೊಡ್ಡ ಪಂದ್ಯ ಒಂದು ರವಿವಾರ ಸಂಜೆಗಿತ್ತು. ಅದೇ ಸಂಜೆ ನನ್ನ ನಾದಿನಿ ಶೈಲಾಳನ್ನು ನೋಡಲು ಬರುತ್ತೇವೆಂದು ಗರಗದ ಗಂಡಿನ ಕಡೆಯವರು ಹೇಳಿಕಳಿಸಿದರು. ದಿನ ಬದಲಿಸಲು ಆಗುತ್ತದೋ ನೋಡಿ ಎಂದು ಅತ್ತೆ ಮೆಲ್ಲಗೆ ಕೇಳಿದರು. ಮಾವ ಹತ್ತಿ ವ್ಯಾಪಾರದಲ್ಲಿ ಎಂಥೆಂಥವರ ಜೊತೆಯೋ ಏಗಿದವರು, ಆದರೆ ಹೆಣ್ಣಿನ ತಂದೆಯಾಗಿ ಬಹಳ ಅಂಜುಬುರುಕರು. ಕುಸ್ತಿಯ ಕಾರಣ ಹೇಳಿ ಬೀಗರಾಗುವವರನ್ನು ಮುಂದೂಡುವುದು ಅವರ ಕೈಲಾಗುವ ಮಾತಲ್ಲ.

ಶೈಲಾ ಬಿ.ಎ. ಮುಗಿಸಿದ್ದಳು. ಬಿ.ಎಡ್. ಮಾಡಬೇಕೆಂಬುದು ಅವಳ ಹಟ. ಹಿಂದೆ ಬಂದ ಒಬ್ಬರು ಓದಿದ್ದು ಸಾಕೆಂದಾಗ, ಹಾಗಾದರೆ ನೀವೂ ಸಾಕು ಎಂದಿದ್ದಳು. ಅದಕ್ಕೇ ಮಾವ ಈ ಸಲ ಮಗಳನ್ನು ಮೊದಲೇ ಬೇಡಿಕೊಂಡರು.

"ಇವತ್ತ ಬಾಯಿ ಬಿಡಬ್ಯಾಡ ತಂಗಿ. ಲಗ್ನ ಆಗಲಿ, ಆಮ್ಯಾಲ ನೋಡೂಣು."

ಅವಳು ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತಳು. "ಆಮ್ಯಾಲ ಯಾರ ನೋಡ್ತಾರ, ವೈನಿ?" ನನ್ನ ಸಂಗೀತದ ಪರೀಕ್ಷೆಯನ್ನೂ ಲಗ್ನವಾದ ಮೇಲೆ ನೋಡೋಣ ಎಂದೇ ಇಟ್ಟಿದ್ದರು.

ಗರಗದಿಂದ ಶಿವನಗೌಡರು, ಅವರ ಹೆಂಡತಿ, ಮಗ ಮಹಾಂತೇಶ ಬಂದರು. ಮಗ ಧಾರವಾಡದಲ್ಲಿ ಶಾಲಾ ಮಾಸ್ತರ. ಗೌಡರದು ಊರಿನದೇ ಖಾದಿಯ ಧೋತರ, ತಲೆಗೆ ರುಮಾಲು. ಎರಡೂ ಕಿವಿ ಹಿಂಡಿಟ್ಟ ಬಟ್ಟೆಯಂತೆ ಮುದುಡಿದ್ದವು. ಹರೆಯದಲ್ಲಿ ಗರಡಿಯ ಪೈಲವಾನರಾಗಿದ್ದರಂತೆ. ನಮ್ಮ ಟಿ.ವಿ.ಯ ಮೇಲೆ ಮಾವ ಕಸೂತಿ ಬಟ್ಟೆ ಹೊದಿಸಿದ್ದರು. ಆದರೆ ಪಕ್ಕದ ಮನೆಯ ಟಿ.ವಿ.ಗೆ ಯಾರು ಹೊದಿಸಬೇಕು? ಪಂದ್ಯ ಶುರುವಾಗಿ ಗೋಡೆಯಾಚೆ ಗದ್ದಲ ಎದ್ದಿತು. ಅತ್ತೆ ಲಕ್ಷ್ಯವೆಲ್ಲ ಗೋಡೆಯ ಕಡೆಗಿಟ್ಟು, ಗೌಡರ ತಾಟಿಗೆ ಶಿರಾದ ಮೇಲೆ ಶಿರಾ ಹಾಕಿದರು.

"ಬಾಜೂ ಮನ್ಯಾಗ ಏನ್ ನಡದೈತ್ರಿ?" ಎಂದರು ಗೌಡರು.

"ಭಜನಿ ಇರಬೇಕ್ರಿ," ಎಂದರು ಮಾವ.

ಅಷ್ಟರಲ್ಲಿ ಭಜನೆಯವರೊಬ್ಬರು ಇಂಗ್ಲಿಷಿನಲ್ಲಿ ಅರಚಿದರು. ಚಹಾ ತಂದ ಶೈಲಾ ತಲೆ ಬಗ್ಗಿಸಿಕೊಂಡೇ, "ಕುಸ್ತಿ ನಡದೈತ್ರಿ. ನಮ್ಮವ್ವನೂ ನೋಡತಾಳ್ರಿ," ಎಂದಳು. ಮಾವ ಕಣ್ಣು ಮುಚ್ಚಿಕೊಂಡರು.

ಗೌಡರು ತಾಟು ಕೆಳಗಿಟ್ಟರು. "ಟೀವ್ಯಾಗಿನ ಆ ಸುಳ್ಳ ಕುಸ್ತಿ? ಮಣ್ಣಾಗ ಆಡಿದಾವ್ರಿ ನಾ. ಅದಕ್ಕ ಕುಸ್ತಿ ಅನಬಾರದು."

ಅತ್ತೆ ಸುಮ್ಮನಿರುತ್ತಾರೆ ಎಂದುಕೊಂಡೆವು. ಅವರು ಸೆರಗು ಸರಿಮಾಡಿಕೊಂಡು ಹೇಳಿದರು: "ಸುಳ್ಳಂತ ನನಗೂ ಗೊತ್ತೈತ್ರಿ ಗೌಡ್ರ. ದೊಡ್ಡಾಟದಾಗ ರಾಕ್ಷಸ ಖರೇನ ಸಾಯ್ತಾನೇನ್ರಿ? ಹಂಗಂತ ನೀವು ನಡುವ ಎದ್ದು ಮನಿಗೆ ಹೋಗೀರೇನು?"

ಗೌಡರ ಹೆಂಡತಿ ಸೆರಗಿನಲ್ಲಿ ನಕ್ಕರು. "ಇವರೇನ ಹೋಗತಾರ್ರಿ? ಬೆಳಕ ಹರದ್ರೂ ಆಟದ ಮುಂದ ಹಾಸಿದ ಹಾಸಿಗಿ ಸುತ್ತತಿರಲಿಲ್ಲ."

ಗೌಡರು ಸ್ವಲ್ಪ ಹೊತ್ತು ಮೀಸೆ ತಿರುವಿದರು. "ಹಚ್ರಿ ನೋಡೂಣು. ಎಲ್ಲೆಲ್ಲಿ ಸುಳ್ಳು ಅಂತ ತೋರಸ್ತೇನಿ."

ಕಸೂತಿ ಬಟ್ಟೆ ಕೆಳಗಿಳಿಯಿತು. ಮೊದಮೊದಲು ಗೌಡರು ಕೈಕಟ್ಟಿ ಕುಳಿತು ತಪ್ಪು ಹುಡುಕಿದರು. ಆ ಪಟ್ಟು ಹಾಕುವಾಗ ಕಾಲು ಹಿಡಿಯಬೇಕಿತ್ತು, ಈ ಹೊಡೆತ ತಾಕಲೇ ಇಲ್ಲ ಎಂದರು. ಬರಬರುತ್ತ ಕೈ ಬಿಚ್ಚಿತು, ಕುರ್ಚಿಯ ತುದಿಗೆ ಸರಿದರು. ಕನ್ನಡೆಪ್ಪ ಎತ್ತಿ ಒಗೆದಾಗ ಬೋಳ್ಯಾ ಹಗ್ಗದಾಚೆ ಬಿದ್ದ. ಗೌಡರು ತಮ್ಮ ಎಡ ಹೆಗಲನ್ನು ಮುಟ್ಟಿಕೊಂಡರು.

"ಬೀಳೂದು ಸುಳ್ಳಲ್ರಿ ಅಕ್ಕಾರ. ಸೋಲು ಗೆಲುವು ಮೊದಲ ಮಾತಾಡಿಕೊಂಡಿರಬಹುದು. ನೆಲಾ ಯಾರ ಮಾತೂ ಕೇಳೂದಿಲ್ಲ."

ಅತ್ತೆ ಅವರತ್ತ ತಿರುಗಿ ನೋಡಿದ್ದು ಅದೇ ಮೊದಲು.

ಎಲ್ಲರ ಕಣ್ಣೂ ಪರದೆಯ ಮೇಲಿದ್ದಾಗ ಹುಡುಗ-ಹುಡುಗಿಯನ್ನು ನೋಡುವವರೇ ಇರಲಿಲ್ಲ. ಮಹಾಂತೇಶ ಖಾಲಿ ಕಪ್ಪು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ. ಶೈಲಾ ಸುತ್ತಿ ಬಳಸಿ ಮಾತಾಡುವವಳಲ್ಲ. ಬಿ.ಎಡ್.ನ ಮಾತು ನೇರವಾಗಿ ತೆಗೆದಳು.

"ನನಗ ಖುಷಿನ. ಆದರ ನಮ್ಮಪ್ಪನ್ನ ಕೇಳಬೇಕಾಗತೈತಿ," ಎಂದನವನು.

"ಹಂಗಾರ ಈಗ ಕೇಳಿ ಬರ್ರಿ."

"ಈಗ? ಅವರು ಕುಸ್ತ್ಯಾಗ ಅದಾರ."

"ಅದಕ್ಕ ಅಂದೆ."

ಪಾಪ, ಅವನು ಕಪ್ಪನ್ನು ನನ್ನ ಕೈಗಿಟ್ಟು ಹೋದ. ತಂದೆಯ ಕಿವಿಯ ಹತ್ತಿರ ಬಗ್ಗಿ, "ಅಪ್ಪಾ, ಲಗ್ನ ಆದಮ್ಯಾಲ ಆಕಿ ಬಿ.ಎಡ್. ಮಾಡತಾಳಂತ," ಎಂದ.

"ಮಾಡಲೇಳು. ಸರಿ ಅತ್ತಾಗ, ಕಾಣವಲ್ದು," ಎಂದರು ಗೌಡರು.

ಅತ್ತೆ ಪರದೆಯಿಂದ ಕಣ್ಣು ಕೀಳದೆ, "ಗೌಡ್ರು ಹೂಂ ಅಂದ್ರು. ನಾ ಕೇಳೇನಿ," ಎಂದರು. ಅವರಿಗೆ ಕುಸ್ತಿಯ ಹೊರತು ಏನೂ ಕೇಳಿಸುವುದಿಲ್ಲವೆಂದು ನಾನು ಅಷ್ಟು ದಿನ ನಂಬಿದ್ದೆ.

ಪಂದ್ಯದಲ್ಲಿ ಕನ್ನಡೆಪ್ಪ ಹಗ್ಗ ಹಿಡಿದು ಮೋಸದಿಂದ ಗೆದ್ದ. ಅತ್ತೆ ಟಿ.ವಿ. ಆರಿಸಿದರು. ಗೌಡರಿಗೆ ಆಗ ಎಚ್ಚರವಾದಂತಾಯಿತು. "ಏನ್ ಕೇಳಿದ್ಯೋ ನೀ ಆಗ?"

ಮಗ ಇನ್ನೊಮ್ಮೆ ಹೇಳಿದ, ಈ ಸಲ ದನಿ ಸಣ್ಣದಾಗಿತ್ತು. ಮಾವ ಟವೆಲನ್ನು ಹಿಂಡುತ್ತಿದ್ದರು. ಬಾಗಿಲಲ್ಲಿ ಶೈಲಾ ನನ್ನ ಮುಂಗೈ ಹಿಡಿದಿದ್ದಳು, ಬಳೆ ಒತ್ತಿ ನೋಯುತ್ತಿತ್ತು. ಗೌಡರು ಮಗನನ್ನು ನೋಡಿದರು, ಶೈಲಾಳನ್ನು ನೋಡಿದರು, ಕೊನೆಗೆ ಆರಿದ ಟಿ.ವಿ.ಯನ್ನು ನೋಡಿದರು.

"ಒಮ್ಮೆ ಹೂಂ ಅಂದಾಗೈತಿ. ಈಗ ಒಲ್ಲೆ ಅಂದ್ರ ನನಗೂ ಆ ಕನ್ನಡ್ಯಾವಗೂ ಏನ್ ಫರಕ್ ಉಳೀತು? ಓದಲಿ."

ಶೈಲಾ ಓದಿದಳು, ಕೆಲಸಕ್ಕೂ ಸೇರಿದಳು. ಆದರೆ ನನಗೆ ಹೆಚ್ಚು ನೆನಪಾಗುವುದು ಅವಳ ಮದುವೆಯ ಮಧ್ಯಾಹ್ನ. ಮೊದಲ ಪಂಕ್ತಿಯಲ್ಲಿ ತಮ್ಮವರಿಗೆ ಜಾಗ ಸಿಗಲಿಲ್ಲವೆಂದು ಗಂಡಿನ ಕಡೆಯವರು ಸಿಟ್ಟಾದರು. ಕರೆದಾಗ ಬರಲಿಲ್ಲವೆಂದು ನಮ್ಮವರೂ ದನಿ ಏರಿಸಿದರು. ಹಿರಿಯರೇ ಬಂದು ಮಾತಾಡಲಿ ಎಂದು ಎರಡೂ ಕಡೆಯವರು ಹುಡುಕುತ್ತ ಹೋದರು. ನಾನೂ ಹೆದರಿ ಹಿಂದೆ ಹೋದೆ.

ಉಗ್ರಾಣದಲ್ಲಿ ಗೌಡರೂ ಅತ್ತೆಯೂ ಆಗಲೇ ಜಗಳಕ್ಕೆ ನಿಂತಿದ್ದರು. ಬೋಳ್ಯಾ ಆ ಕೊನೆಯ ಪಟ್ಟು ಬಿಡಿಸಿಕೊಳ್ಳಬಹುದಿತ್ತು ಎಂಬುದು ಗೌಡರ ವಾದ. ಕೈ ನೊಂದವನು ಹೇಗೆ ಬಿಡಿಸಿಕೊಳ್ಳುತ್ತಾನೆ ಎಂಬುದು ಅತ್ತೆಯ ಪ್ರಶ್ನೆ. ಕರೆಯಲು ಬಂದವರು ಕೇಳುತ್ತ ನಿಂತರು. ಗಂಡಿನ ಕಡೆಯ ಒಬ್ಬರು ಅತ್ತೆಯ ಮಾತೇ ಖರೇ ಎಂದರು. ನಮ್ಮ ದೊಡ್ಡಪ್ಪ ಗೌಡರ ಪಕ್ಷ ಸೇರಿದರು. ಪಂಕ್ತಿಯ ಮಾತು ಯಾರಿಗೂ ನೆನಪಾಗಲಿಲ್ಲ.

ಬೀಗರು ಒಮ್ಮೆಯಾದರೂ ಜಗಳವಾಡಲೇಬೇಕು, ಅದು ನಮ್ಮ ಕಡೆಯ ರೂಢಿ. ಸುಳ್ಳು ಜಗಳವೊಂದು ಮೊದಲೇ ಕೈಗೆ ಸಿಕ್ಕರೆ ಖರೇ ಜಗಳಕ್ಕೆ ಉಸಿರು ಉಳಿಯುವುದಿಲ್ಲ. ಕಡೆಗೆ ಗೌಡರೇ ಕೆಮ್ಮಿದರು.

"ಅಕ್ಕಾರ, ಗಂಟಲ ಒಣಗೈತಿ. ಊಟಾ ಮಾಡಿ ಮುಂದ ಜಗಳಾಡೂಣಲ್ಲ?"

"ನಡೀರಿ," ಎಂದರು ಅತ್ತೆ. "ನೀವು ಹಸಕೊಂಡು ಸೋತ್ರ ಮಂದಿ ಮೋಸ ಅಂತಾರ."