ಗುಮ್ಮನಿಗೆ ಎಷ್ಟು ಕಾಲು?

“ಅಮ್ಮಾ, ಗುಮ್ಮನಿಗೆ ಎಷ್ಟು ಕಾಲು?”

ಕಳೆದ ವಾರ ಮಗಳು ಇಂಚರಾ ಪೆನ್ಸಿಲ್ ಹಿಡಿದು ಹೀಗೆ ಕೇಳಿದಾಗ ನಾನು ದೋಸೆ ಮಗುಚುತ್ತಿದ್ದೆ. ಇವಳು ಪುಟ್ಟವಳಿದ್ದಾಗ ಒಂದೊಂದು ತುತ್ತನ್ನೂ ಗುಮ್ಮನ ಹೆಸರು ಹೇಳಿಯೇ ತಿನ್ನಿಸಿದವಳು ನಾನು. ಒಮ್ಮೆಯಾದರೂ ಅವನ ಕಾಲು ಎಣಿಸಿದ್ದೆನೇ?

ವಿಷಯ ಇಷ್ಟು. ಇವಳು ಇಲ್ಲಿ ಅಮೆರಿಕದ ಶಾಲೆಯಲ್ಲಿ ಮೂರನೇ ಗ್ರೇಡ್. ಕ್ಲಾಸಿನ ಪ್ರತಿ ಮಗುವೂ ತನ್ನ ಕಡೆಯವರ ಕಥೆಗಳಲ್ಲಿ ಬರುವ ಒಂದು ಪ್ರಾಣಿಯದೋ ಭೂತದ್ದೋ ಚಿತ್ರ ಬರೆದು ಎಲ್ಲರೆದುರು ಪರಿಚಯಿಸಬೇಕು. ಪಕ್ಕದ ಸೀಟಿನ ಹುಡುಗಿಯ ಅಜ್ಜಿ ಸೌತ್ ಕ್ಯಾರೊಲಿನಾ ಕರಾವಳಿಯವರು. ಅವರಲ್ಲಿ ಮಲಗಿದವರ ಎದೆಯ ಮೇಲೆ ಕೂರುವ ಮಾಟಗಾತಿ ಇದ್ದಾಳಂತೆ. ಅವಳು ಒಳಗೆ ಬರದಿರಲಿ ಎಂದು ಪೋರ್ಚಿನ ಸೀಲಿಂಗಿಗೆ ನೀಲಿ ಪೇಂಟ್ ಬಳಿಯುತ್ತಾರಂತೆ. ಇದನ್ನೆಲ್ಲ ಕೇಳಿಸಿಕೊಂಡ ನಮ್ಮ ಇಂಚರಾ, ತನ್ನ ಸರದಿ ಬಂದಾಗ ಹೇಳಿದ್ದು: ನಮ್ಮಲ್ಲಿ ಏನೂ ಇಲ್ಲ. ಟೀಚರ್ ಪಾಪ, ಹಾಗಾದರೆ ಡ್ರ್ಯಾಗನ್ ಬರಿ ಎಂದರಂತೆ.

ನನಗೆ ಉರಿಯಿತು. ಏನೂ ಇಲ್ಲವೇ?

ವ್ಯಾಪಾರಿ ಬುದ್ಧಿ ತಕ್ಷಣ ಎದ್ದು ಕೂತಿತು. (ಮ್ಯಾಟ್ರೆಸ್ ಅಂಗಡಿಯಲ್ಲೂ ಚೌಕಾಸಿ ಮಾಡಿ ದಿಂಬನ್ನು ಫ್ರೀಯಾಗಿ ಹೊತ್ತು ತಂದವಳು ನಾನು.) ಗಂಡಭೇರುಂಡ! ಎರಡು ತಲೆ, ರಾಜಗಾಂಭೀರ್ಯ, ಪ್ರಿಂಟ್ ತೆಗೆದರೆ ಕೆಲಸ ಮುಗಿಯಿತು. ಇದಕ್ಕಿಂತ ಒಳ್ಳೆಯ ಡೀಲ್ ಎಲ್ಲಿದೆ?

ಇಂಚರಾ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಇಟ್ಸ್ ಅ ಲೋಗೋ, ಅಮ್ಮಾ. ಇದು ನಮ್ ಮನೆಗೆ ಬಂದೇ ಇಲ್ಲ.”

ಮನೆಗೆ ಬಂದವರು ಯಾರು ಎಂದು ಅವಳೇ ಯೋಚಿಸಿ ಗುಮ್ಮನನ್ನು ಹಿಡಿದುಕೊಂಡಳು. ಆದರೆ ಬರೆಯುವುದು ಹೇಗೆ? ಅದಕ್ಕೇ ಆ ಕಾಲಿನ ಪ್ರಶ್ನೆ.

ಅಷ್ಟರಲ್ಲಿ ಎದುರುಮನೆಯ ನಸೀಮಾ ಕರಿಬೇವಿಗೆಂದು ಬಂದರು. ಮೈಸೂರಿನವರು, ಈ ಕ್ಯಾರಿ ಊರಿಗೆ ನಮಗಿಂತ ಮೊದಲೇ ಬಂದವರು. ನಿಮ್ಮ ಮನೆಯಲ್ಲೂ ಗುಮ್ಮ ಇದ್ದನೇ ಎಂದು ಸುಮ್ಮನೆ ಕೇಳಿದೆ.

“ಇಲ್ದೆ ಏನ್ರೀ? ನಮ್ಮಮ್ಮ ಮುದ್ದು ಮಾಡ್ತಿದ್ದಿದ್ದು ಉರ್ದುನಲ್ಲಿ, ಹೆದರಿಸ್ತಿದ್ದಿದ್ದು ಕನ್ನಡದಲ್ಲಿ.”

ಅವರ ಗುಮ್ಮ ಅಕ್ಕಿ ಡ್ರಮ್ಮಿನ ಹಿಂದೆ ಇರುತ್ತಿದ್ದ, ಬರೀ ಕಣ್ಣು. ನಮ್ಮವನು ಅಟ್ಟದ ಮೇಲೆ, ದಪ್ಪ ಮೀಸೆ. ಇಬ್ಬರೂ ಜಿದ್ದಿಗೆ ಬಿದ್ದೆವು. ದೋಸೆ ಸೀದುಹೋಯಿತು. ನಮ್ಮ ಜಗಳ ಕೇಳುತ್ತಾ ಇಂಚರಾಳ ಮುಖ ಸಣ್ಣದಾಯಿತು. ಮರುದಿನವೇ ಕ್ಲಾಸಿನ ಮುಂದೆ ನಿಲ್ಲಬೇಕು, ಹಾಳೆ ಇನ್ನೂ ಖಾಲಿ. ಯಾರೂ ನೋಡಿಯೇ ಇಲ್ಲ ಎಂದ ಮೇಲೆ ಗುಮ್ಮ ಫೇಕ್, ನಾನು ಡ್ರ್ಯಾಗನ್ನನ್ನೇ ಬರೆಯುತ್ತೇನೆ ಎಂದು ಎದ್ದುಬಿಟ್ಟಳು.

ನಸೀಮಾ ಅವಳ ಕೈ ಹಿಡಿದು ನಿಲ್ಲಿಸಿದರು. “ಕಂಡ್ಬಿಟ್ರೆ ಅವನು ಗುಮ್ಮ ಹೇಗಾಗ್ತಾನೆ, ಕಂದ? ಅವನನ್ನ ನೋಡೋದಲ್ಲ, ಕರೆಯೋದು.”

ಕರೆಯುವುದು ಹೇಗೆಂದು ಕಲಿಸಿಯೂ ಕೊಟ್ಟರು. ಬಾಯಿಗೆ ಅಂಗೈ ಅಡ್ಡ, ದನಿ ಹೊಟ್ಟೆಯಿಂದ, ಕೊನೆಯ ಅಕ್ಷರಕ್ಕೆ ತುಟಿ ಬಿಗಿ. ಲಾಂಡ್ರಿ ರೂಮಿನ ಬಾಗಿಲ ಹಿಂದೆ ಇಬ್ಬರೂ ಪ್ರ್ಯಾಕ್ಟೀಸ್ ಮಾಡಿದರು. ನಸೀಮಾ ಹೊರಡುವಾಗ ಥ್ಯಾಂಕ್ಸ್ ಹೇಳಿದೆ. ಥ್ಯಾಂಕ್ಸ್ ನಾನೇ ಹೇಳಬೇಕು, ಗುಮ್ಮ ಎನ್ನುವ ಪದ ನನ್ನ ಬಾಯಿಗೆ ಬಂದು ಎಷ್ಟು ವರ್ಷವಾಗಿತ್ತೋ ಎಂದರು ಅವರು. ಅವರ ಮಕ್ಕಳು ಐಪ್ಯಾಡ್ ನೋಡುತ್ತಾ ಉಂಡು ಬೆಳೆದವರು.

ನನ್ನದೊಂದು ಸಲಹೆ, ಬಿಟ್ಟಿ. ಮಕ್ಕಳಿಗೆ ನಮ್ಮತನ ಕೊಡಬೇಕು ಎಂದಾಗ ಶೋಕೇಸಿನ ಸಾಮಾನಿಗೆ ಕೈ ಹಾಕಬೇಡಿ. ಮಕ್ಕಳು ಜಾಣ ಗಿರಾಕಿಗಳು. ಮನೆಯಲ್ಲಿ ಬಳಸಿದ್ದು ಯಾವುದು, ಅತಿಥಿಗಳಿಗೆ ತೋರಿಸಲು ಇಟ್ಟಿದ್ದು ಯಾವುದು ಎಂದು ಅವರಿಗೆ ಗೊತ್ತಾಗುತ್ತದೆ.

ಇಂಚರಾ ಅರ್ಧ ತೆರೆದ ಬಾಗಿಲೊಂದನ್ನು ಬರೆದು, ಒಳಗೆಲ್ಲ ಕಪ್ಪು ತುಂಬಿ ಮರುದಿನ ಶಾಲೆಗೆ ತೆಗೆದುಕೊಂಡು ಹೋದಳು. ಅಂದು ಸಂಜೆ ಕಾರು ಹತ್ತಿದವಳಿಗೆ ಮಾತು ನಿಲ್ಲಲಿಲ್ಲ. ಕ್ಲಾಸಿನ ಬಾಗಿಲ ಹಿಂದೆ ನಿಂತು ಕರೆದಳಂತೆ. ಮುಂದಿನ ಸಾಲಿನ ಮಕ್ಕಳು ಕುರ್ಚಿ ಹಿಂದಕ್ಕೆ ಎಳೆದುಕೊಂಡರಂತೆ. ಲಂಚಿನಲ್ಲಿ ಆ ಪಕ್ಕದ ಸೀಟಿನ ಹುಡುಗಿ ಬಂದು, ನನ್ನ ತಮ್ಮ ಊಟವೇ ಮಾಡುವುದಿಲ್ಲ, ನಿನ್ನ ಗುಮ್ಮನನ್ನು ಸ್ವಲ್ಪ ದಿನ ಕೊಡುತ್ತೀಯಾ ಎಂದು ಕೇಳಿದಳಂತೆ.

“ನೀನು ಏನಂದೆ?”

“ಓಕೆ ಅಂದೆ. ಬಟ್ ಕನ್ನಡದಲ್ಲೇ ಕರೀಬೇಕು, ಇಂಗ್ಲಿಷಲ್ಲಿ ಕರೆದ್ರೆ ಅವನು ಬರಲ್ಲ ಅಂದೆ. ಶೀ ಸೆಡ್ ಡೀಲ್.”

ಇಷ್ಟು ವರ್ಷ ಚೌಕಾಸಿ ಮಾಡಿದ ನಾನು ಕನ್ನಡಕ್ಕೆ ಒಬ್ಬ ಹೊಸ ಗಿರಾಕಿಯನ್ನಾದರೂ ತಂದಿದ್ದೇನೆಯೇ?