ಅತ್ತೆಯ ಮರದ ಎಳನೀರು

ಆ ದಿನವೂ ಎಂದಿನಂತೆ ಮನೆಯಲ್ಲಿ ಮೊದಲು ಎದ್ದವಳು ನಾನೇ. ಬಚ್ಚಲೊಲೆಗೆ ಕಾಯಿಮಟ್ಟೆ ತುಂಬಿ ಹಂಡೆಗೆ ಉರಿ ಹಾಕಿದೆ. ಅಂಗಳಕ್ಕೆ ನೀರು ಚಿಮುಕಿಸಿ ಸಣ್ಣದೊಂದು ರಂಗೋಲಿ ಎಳೆದು ಹಾಲು ಕಾಯಲಿಟ್ಟೆ. ಹಾಲು ಉಕ್ಕುವಷ್ಟರಲ್ಲಿ ಹಿಂದಿನ ರಾತ್ರಿ ತೊಳೆದಿಟ್ಟ ಲೋಟಗಳನ್ನು ಇನ್ನೊಂದು ಸಲ ಒಣಬಟ್ಟೆಯಲ್ಲಿ ಒರೆಸುವುದು ನನ್ನ ಅಭ್ಯಾಸ. ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ಸಿಸ್ಟರು ಪ್ರತಿ ಲೋಟವನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮದುವೆಯಾಗಿ ಬಿಳಿಗೆರೆ ಕಡೆಯ ಈ ತೋಟದ ಮನೆಗೆ ಬಂದ ಮೇಲೂ ಅದು ಬಿಡಲಿಲ್ಲ. "ನಮ್ಮ ಕಾನ್ವೆಂಟು ಸೊಸೆ ಲೋಟದಾಗೆ ಮುಖ ನೋಡ್ಕೊತಾವ್ಳೆ" ಎಂದು ಅತ್ತೆ ನಗುತ್ತಿದ್ದರು.

ಇನ್ನೊಂದು ಅಭ್ಯಾಸವೂ ಇತ್ತು. ಅಕ್ಕಿ ತೊಳೆದ ನೀರನ್ನು ದಿನವೂ ತೋಟದ ದಾರಿಯ ಪಕ್ಕದ ಚಿಕ್ಕ ತೆಂಗಿನ ಮರಕ್ಕೆ ಹುಯ್ದು ಬರುವುದು. ಅಂದು ಮಾತ್ರ ಪುರುಸೊತ್ತಾಗಲಿಲ್ಲ. ಅತ್ತೆಗೆ ವರ್ಷದ ಎಡೆ ಇಡುವ ದಿನ ಅದು. ತುರುವೇಕೆರೆಯಿಂದ ನನ್ನ ನಾದಿನಿ ಬರುವವಳಿದ್ದಳು. ಅವಳು ಈ ದಿನಕ್ಕೆ ಬಂದು ವರ್ಷಗಳೇ ಆಗಿದ್ದವು. ತಾನೇ ಫೋನು ಮಾಡಿ ಬರುತ್ತೇನೆಂದಾಗ ನಮ್ಮ ಮನೆಯವರು ಎರಡು ಸಲ "ನಿಜ್ವಾಗ್ಲೂ?" ಎಂದು ಕೇಳಿದ್ದರು. ತಂಗಿಯ ಮುನಿಸು ಮುಗಿಯಿತೆಂದು ಅವರ ಮುಖ ಅರಳಿದ್ದನ್ನು ನೋಡಿ, ಅಡುಗೆಯಲ್ಲಿ ಒಂದು ಕಾಳು ಉಪ್ಪೂ ಹೆಚ್ಚುಕಮ್ಮಿ ಆಗಬಾರದೆಂದು ನಾನು ನಸುಕಿನಿಂದಲೇ ಒದ್ದಾಡುತ್ತಿದ್ದೆ.

ಮುನಿಸಿಗೆ ಕಾರಣ ಆ ಚಿಕ್ಕ ಮರವೇ.

ನಮ್ಮ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ. ತೋಟದಲ್ಲೇ ಗುಂಡಿ ತೋಡಿ, ಉಪ್ಪು ವಿಭೂತಿ ಹಾಕಿ, ಕೂರಿಸಿ ಮಣ್ಣು ಮುಚ್ಚುತ್ತಾರೆ. ಮೊದಲೆಲ್ಲ ಮೇಲೊಂದು ಗುಂಡುಕಲ್ಲು ನೆಟ್ಟರೆ ಆಯಿತು. ಈಗ ಯಾವ ತೋಟಕ್ಕೆ ಹೋದರೂ ಸಿಮೆಂಟಿನ ಕಟ್ಟೆ, ಕಪ್ಪು ಗ್ರಾನೈಟು, ಅದರಲ್ಲಿ ಕೆತ್ತಿದ ಫೋಟೋ, ಸುತ್ತ ಸ್ಟೀಲಿನ ಕಂಬಿ. ಅತ್ತೆಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಕಾಲು ಊದಿ ಮಂಚ ಹಿಡಿದ ವರ್ಷ, ಬಾವಿ ಪಕ್ಕದ ಮರದಿಂದ ಬಿದ್ದ ಒಂದು ಕಾಯಿಯನ್ನು ತಾವೇ ಅಲ್ಲಾಡಿಸಿ ನೋಡಿ ಆರಿಸಿ, ಬಚ್ಚಲ ನೀರು ಹೋಗುವ ಮರಳಿನಲ್ಲಿ ಹೂಳಿಸಿದರು. ಸ್ನಾನ ಮಾಡಿಸುವಾಗಲೆಲ್ಲ "ಮೊಳಕೆ ಬಂತೇನೆ?" ಎಂದು ಕೇಳುತ್ತಿದ್ದರು. ಬಂದ ದಿನ ನನ್ನ ಕೈ ಹಿಡಿದುಕೊಂಡು, "ಕಲ್ಲು ಗಿಲ್ಲು ಹಾಕ್ಬ್ಯಾಡ್ರಿ. ನೈಲಾನು ಸೀರೆ, ಪ್ಲಾಸ್ಟಿಕ್ಕು ಹಾರ ಒಂದೂ ಬ್ಯಾಡ. ನನ್ನ ಹಳೇ ನೂಲಿನ ಸೀರೇಲಿ ಕೂರ್ಸಿ, ಮೇಲೆ ಈ ಸಸಿ ನೆಡಿ. ಜೀವಮಾನವೆಲ್ಲ ತೆಂಗು ತಿಂದು ಬದುಕ್ದೋಳು ನಾನು. ಈಗ ಅದು ನನ್ನ ತಿನ್ಲಿ ಬುಡು" ಎಂದರು. ದೂರದೇಶಗಳಲ್ಲಿ ಈಗ ಹೀಗೆ ಸತ್ತವರ ಮೇಲೆ ಮರ ನೆಡುತ್ತಾರಂತೆ, ಪೇಪರಿನಲ್ಲಿ ಬಂದಿತ್ತು ಅಂದೆ. "ಅದನ್ನೂ ಪೇಪರ್ನಾಗೆ ಹಾಕ್ಬೇಕಾ?" ಎಂದು ನಕ್ಕರು.

ಅವರು ಹೇಳಿದಂತೆಯೇ ಮಾಡಿದೆವು. ತೆಂಗಿನ ಸಸಿ ನೆಡುವಾಗಲೂ ಗುಂಡಿಗೆ ಉಪ್ಪು ಹಾಕುತ್ತಾರಲ್ಲ, ಒಂದೇ ಉಪ್ಪಿನ ಚೀಲ ಎರಡಕ್ಕೂ ಆಯಿತು. ನಾದಿನಿ ಹನ್ನೊಂದನೆಯ ದಿನದವರೆಗೂ ಸುಮ್ಮನಿದ್ದು, ಹೊರಡುವಾಗ ಬಂದವರೆಲ್ಲರ ಎದುರಿಗೆ ಹೇಳಿದಳು: "ಊರೋರೆಲ್ಲ ಅವ್ರವ್ರ ಅವ್ವಂದಿರಿಗೆ ಗ್ರಾನೈಟು ಹಾಕ್ಸವ್ರೆ. ನಮ್ಮವ್ವನ್ನ ಮಾತ್ರ ಮರಕ್ಕೆ ಗೊಬ್ಬರ ಮಾಡಿದ್ರಿ."

ಗೊಬ್ಬರ ಎನ್ನುವ ಆ ಮಾತು ನನ್ನನ್ನು ಬಿಡಲೇ ಇಲ್ಲ. ಬಂದ ನೆಂಟರು "ನಿಮ್ಮತ್ತೆ ಸಮಾಧಿ ಎಲ್ಲಿ?" ಎಂದರೆ, ಮರವನ್ನು ತೋರಿಸುವ ಬದಲು ತೋಟದ ಕಡೆಗೆ ಸುಮ್ಮನೆ ಕೈಬೀಸಿ "ಅಲ್ಲೇ" ಅನ್ನುತ್ತಿದ್ದೆ. ದಿನಾ ಬೆಳಿಗ್ಗೆ ಅಕ್ಕಿ ನೀರು ಹುಯ್ಯುವವಳೂ ನಾನೇ, ನಾಲ್ಕು ಜನ ಸೇರಿದ ಕಡೆ ಆ ಮರದ ಮಾತು ಬಂದರೆ ಸೆರಗು ಸರಿಮಾಡಿಕೊಂಡು ಒಳಗೆ ಹೋಗುವವಳೂ ನಾನೇ. ಸಸಿ ಬೆಳೆಯಿತು, ಈ ವರ್ಷ ಮೊದಲ ಗೊನೆ ಬಿಟ್ಟಿತು. ಅದರ ಕಾಯಿಯನ್ನು ತಿನ್ನಬೇಕೋ, ದೇವರಿಗೆ ಕೊಡಬೇಕೋ, ಬಿದ್ದಲ್ಲೇ ಬಿಡಬೇಕೋ ಎಂದು ನಾನೂ ನಮ್ಮ ಮನೆಯವರೂ ಒಂದು ದಿನವೂ ಮಾತಾಡಲಿಲ್ಲ. ಮಾತಾಡಿದ್ದರೆ ಅಂದಿನದು ಆಗುತ್ತಲೇ ಇರಲಿಲ್ಲ.

ನಮ್ಮ ಕಡೆ ಎಳನೀರು ಕೀಳುವುದೇ ಅಪರೂಪ. ಕಾಯಿ ಬಲಿತು ತಾನಾಗಿ ಬೀಳಬೇಕು, ಅಟ್ಟಕ್ಕೆ ಏರಬೇಕು, ವರ್ಷ ಒಣಗಿ ಒಳಗೆ ಗಡಗಡ ಉರುಳುವ ಉಂಡೆ ಕೊಬ್ಬರಿಯಾಗಬೇಕು. ಎಳೆಯದನ್ನು ಕಿತ್ತರೆ ಕೊಬ್ಬರಿಯನ್ನು ಕೊಂದ ಹಾಗೆ ಎನ್ನುವುದು ಅತ್ತೆಯ ಲೆಕ್ಕ. ಜ್ವರ ಬಂದವರಿಗೆ ಬಿಟ್ಟರೆ ಅವರು ಯಾರಿಗೂ ಎಳನೀರು ಕೀಳಿಸಿಕೊಟ್ಟವರಲ್ಲ. ಆದರೆ ಅಂದು, ನಾದಿನಿ ಬಿಸಿಲಲ್ಲಿ ಬರುತ್ತಾಳೆ, ಬಂದ ಕೂಡಲೇ ಒಂದು ತಂಪು ಕೊಡೋಣ ಅನ್ನಿಸಿತು. ಕಾಯಿ ಕೀಳುವವನು ಪಕ್ಕದ ತೋಟಕ್ಕೆ ಹೊರಟಿದ್ದ, ಒಳಗಿನಿಂದಲೇ ಕೂಗಿ ಎರಡು ಎಳನೀರು ಕೀಳಲು ಹೇಳಿದೆ. ನಾನು ಒಳಗೆ ಒಬ್ಬಟ್ಟಿನ ಹೂರಣ ತಿರುವುತ್ತಿದ್ದೆ.

"ಯಾವ ಮರದ್ದು ಅಕ್ಕ?" ಎಂದ.

"ಬೇಗ ಸಿಗೋದು ಯಾವ್ದಾದ್ರೂ ಕೀಳಪ್ಪ" ಎಂದೆ, ತಲೆ ಎತ್ತದೆ.

ಅವನ ಕೈಯಲ್ಲಿ ಉದ್ದದ ದೋಟಿ ಇರಲಿಲ್ಲ, ಕುಡುಗೋಲು ಮಾತ್ರ. ನಮ್ಮ ತೋಟದಲ್ಲಿ ನೆಲದ ಮೇಲೆ ನಿಂತು ಕೈಗೆ ಸಿಗುವ ಗೊನೆ ಒಂದೇ ಮರದ್ದು. ಅದು ನನಗೆ ಹೊಳೆಯಬೇಕಿತ್ತು. ಹೂರಣ ತಳ ಹಿಡಿಯುತ್ತದೆ ಎನ್ನುವುದೊಂದೇ ತಲೆಯಲ್ಲಿತ್ತು.

ನಾದಿನಿ ಬಂದಳು. ಜಗುಲಿಯಲ್ಲಿ ಕೂತು ಸೆರಗಿನಲ್ಲಿ ಕತ್ತು ಒರೆಸಿಕೊಂಡಳು. ಅವಳ ಕಿವಿಯ ಹಿಂದೆ ನರೆ ಬಂದಿದ್ದು ಆಗ ನೋಡಿದೆ. ಇಷ್ಟು ವರ್ಷ ನೋಡದೇ ಇದ್ದೆವಲ್ಲ ಅನ್ನಿಸಿತು. ನಮ್ಮ ಮನೆಯವರೇ ಕಾಯಿ ಕೆತ್ತಿ, ನಾನು ಒರೆಸಿಟ್ಟ ಗಾಜಿನ ಲೋಟಕ್ಕೆ ಬಗ್ಗಿಸಿ ಕೊಟ್ಟರು. ಅವಳು ಒಂದೇ ಗುಟುಕಿಗೆ ಕುಡಿದು, ಇನ್ನೊಂದು ಕೊಡಿ ಎಂದಳು. ಬುರುಡೆ ಒಡೆಸಿ ಒಳಗಿನ ಗಂಜಿಯನ್ನು ಮಟ್ಟೆಯ ಚೂರಿನಲ್ಲಿ ಎಬ್ಬಿಸಿ ತಿನ್ನುತ್ತಾ, "ಅವ್ವ ಇದ್ದಿದ್ರೆ ಇದನ್ನ ಕೀಳಾಕೆ ಬಿಡ್ತಿತ್ತಾ ಅತ್ಗೆ?" ಎಂದು ನಕ್ಕಳು. ಅವಳು ನಗುವುದನ್ನು ಕೇಳಿ ಎಷ್ಟು ಕಾಲವಾಗಿತ್ತು.

ಖಾಲಿ ಬುರುಡೆ ಎತ್ತಲು ಬಗ್ಗಿದಾಗ ನನಗೆ ಕಂಡಿತು. ತೊಟ್ಟಿನ ಸುತ್ತ ಇಟ್ಟಿಗೆ ಬಣ್ಣದ ಒಂದು ಉಂಗುರ. ಅದು ಬಾವಿ ಪಕ್ಕದ ಮರದ ಗುರುತು. ಆ ಮರವೋ ಆಕಾಶ ಮುಟ್ಟುತ್ತದೆ, ಕುಡುಗೋಲು ಹಿಡಿದವನು ಅದನ್ನು ಹತ್ತಿರಲಾರ. ಉಳಿದದ್ದು ಅದರ ಮಗು, ಅತ್ತೆಯ ಮರ.

ಅಷ್ಟರಲ್ಲಿ ಅವಳೇ ಕೇಳಿದಳು, ಇಷ್ಟು ಸಿಹಿ ನೀರು ಯಾವ ಮರದ್ದು ಎಂದು.

"ಬಾವಿ ಪಕ್ಕದ್ದು" ಎಂದೆ.

ಹೇಳಿದ ಕೂಡಲೇ ಕಿವಿ ಬಿಸಿಯಾಯಿತು. ಸುಳ್ಳಾಡಿದವರನ್ನು ಸಿಸ್ಟರು ಬೈಯುತ್ತಿರಲಿಲ್ಲ, ಅವರ ಮುಖವನ್ನೇ ನೋಡುತ್ತಾ ಸುಮ್ಮನೆ ನಿಲ್ಲುತ್ತಿದ್ದರು. ನಾನು ಬುರುಡೆಗಳನ್ನು ಗೋಡೆಯ ಮೂಲೆಗೆ ಒಯ್ದು ಬೋರಲು ಹಾಕಿ, ಒಳಗೆ ಹೋಗಿ ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸುತ್ತಾ ನಿಂತೆ.

ಮಧ್ಯಾಹ್ನ ಎಡೆ ಹಿಡಿದು ಮೂವರೂ ಮರದ ಹತ್ತಿರ ಹೋದೆವು. ನಾದಿನಿ ಮುಂದೆ, ಬುಟ್ಟಿ ಹೊತ್ತು ನಾನು ಹಿಂದೆ. ದಾರಿಯಲ್ಲೇ ಹೇಳಿಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ಮರ ಬಂದೇಬಿಟ್ಟಿತು. ತೋಟದಲ್ಲೇ ಹುಟ್ಟಿ ಬೆಳೆದವಳಿಗೆ ನೋಡಿದೊಡನೆ ತಿಳಿಯಿತು. ಗೊನೆಯಲ್ಲಿ ಹೊಸದಾಗಿ ಕೊಯ್ದ ಜಾಗದಿಂದ ರಸ ಇನ್ನೂ ಜಿನುಗುತ್ತಿತ್ತು. ಪಕ್ಕದಲ್ಲೇ ಒಣಗಿ ಕಪ್ಪಾದ ಇನ್ನೆರಡು ತೊಟ್ಟುಗಳಿದ್ದವು, ಅಳಿಲು ಕಡಿದಿರಬೇಕು ಅಂದುಕೊಂಡೆ. ನಾದಿನಿ ಗೊನೆಯನ್ನು ನೋಡಿದಳು, ಬುಡದ ಮಣ್ಣನ್ನು ನೋಡಿದಳು, ಆಮೇಲೆ ನನ್ನನ್ನು.

"ಬಾವಿ ಪಕ್ಕದ್ದು ಅಂದ್ರಿ."

ನಾನು ಬುಟ್ಟಿ ಇಳಿಸಿ ಎಡೆಯ ಎಲೆ ಹಾಸತೊಡಗಿದೆ.

"ನಮ್ಮವ್ವನ್ನೇ ಕುಡಿಸ್ಬಿಟ್ರಾ ಅತ್ಗೆ" ಎಂದಳು. ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ಬಾಳೆಯ ಗಿಡದ ಮರೆಗೆ ಹೋಗಿ ಕಕ್ಕಲು ನೋಡಿದಳು, ಏನೂ ಬರಲಿಲ್ಲ. ನಮ್ಮ ಮನೆಯವರು ನೀರಿನ ಚೊಂಬು ಹಿಡಿದು ಅವಳ ಹಿಂದೆ ನಿಂತಿದ್ದರು, ಏನು ಮಾಡಬೇಕೆಂದು ತೋಚದ ಮಗುವಿನ ಹಾಗೆ. ಬಾಯಿ ಮುಕ್ಕಳಿಸಿ ಬಂದವಳು ಅಣ್ಣನಿಗೆ ಹೇಳಿದಳು, ಈ ಮರ ಕಡಿಸು, ಎಲ್ಲರ ಹಾಗೆ ಕಲ್ಲು ಹಾಕಿಸು, ಇಲ್ಲದಿದ್ದರೆ ನಾನು ಈ ಮನೆಗೆ ಬರುವುದು ಇದೇ ಕೊನೆ.

ಅವರು ಚೊಂಬನ್ನು ಮರದ ಬುಡದಲ್ಲಿಟ್ಟು, "ಆಗ್ಲಿ ಕಣಮ್ಮ" ಎಂದರು.

ಅತ್ತೆ ಮೊಳಕೆಯ ದಿನ ಕೈ ಹಿಡಿದು ಹೇಳಿದ್ದು ನನ್ನ ಹತ್ತಿರ. ಬೇಡ ಅನ್ನಬೇಕಾದವಳು ನಾನು. ಆದರೆ ಆಗತಾನೇ ಸುಳ್ಳಾಡಿ ಸಿಕ್ಕಿಬಿದ್ದವಳು ಯಾವ ಬಾಯಲ್ಲಿ ಅತ್ತೆಯ ಮಾತು ಎತ್ತಲಿ? ಎಲೆಯ ಮೇಲೆ ಒಬ್ಬಟ್ಟು ಇಡುವಾಗ ಬಟ್ಟಲು ಓರೆಯಾಗಿ, ತುಪ್ಪವೆಲ್ಲ ಮಣ್ಣಿಗೆ ಚೆಲ್ಲಿತು. ಮಣ್ಣು ಅದನ್ನು ಕೂಡಲೇ ಹೀರಿಕೊಂಡಿತು.

ನಾದಿನಿ ಊಟ ಮಾಡಲಿಲ್ಲ. ಸಂಜೆಯ ಬಸ್ಸಿಗೆ ಹೊರಡುವವಳು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಜಗುಲಿಯ ತುದಿಯಲ್ಲಿ ಬೀದಿಗೆ ಮುಖ ಮಾಡಿ ಕೂತಿದ್ದಳು. ನಮ್ಮ ಮನೆಯವರು ಕೊಟ್ಟಿಗೆಯಲ್ಲಿ ಹಸುವಿಗೆ ಹಾಕಿದ ಹುಲ್ಲನ್ನೇ ಮತ್ತೆ ಎತ್ತಿ ಹಾಕುತ್ತಿದ್ದರು. ಕಾಫಿ ತಂದು ಅವಳ ಪಕ್ಕದಲ್ಲಿಟ್ಟೆ. ಲೋಟದ ಮೇಲೆ ಮುಚ್ಚಿದ ತಟ್ಟೆಯನ್ನು ಅವಳು ತೆಗೆಯಲಿಲ್ಲ. ಹಾಲಿನ ಕೆನೆ ಕಟ್ಟಿದ್ದು ತಟ್ಟೆಯ ಅಂಚಿನ ಸಂದಿಯಲ್ಲಿ ಕಾಣುತ್ತಿತ್ತು.

ಆಗ ಪಕ್ಕದ ತೋಟದ ಮನೆಯ ಅಜ್ಜಿ ಬೇಲಿಯ ಸಂದಿಯಿಂದ ನುಸುಳಿ ಬಂದರು. ಅತ್ತೆಯ ಓರಗೆಯವರು. ಅತ್ತೆ ಬದುಕಿದ್ದಷ್ಟು ದಿನ ಇಬ್ಬರೂ ಬೇಲಿಯ ಮೇಲೆ ಬಿದ್ದ ಕಾಯಿಗಾಗಿ ಜಗಳಾಡಿ, ಸಂಜೆಗೆ ಒಂದೇ ಎಲೆ ಅಡಿಕೆಯನ್ನು ಹಂಚಿಕೊಂಡವರು. ಅಜ್ಜಿಗೆ ಮಧ್ಯಾಹ್ನದ್ದೇನೂ ಗೊತ್ತಿರಲಿಲ್ಲ. ಹೆಪ್ಪಿಗೆ ಒಂದು ಚೂರು ಮಜ್ಜಿಗೆ ಬೇಕೆಂದು ಬಟ್ಟಲು ಚಾಚಿದರು. ನಾದಿನಿಯನ್ನು ಕಂಡು ಯಾವಾಗ ಬಂದೆ ಮಗಾ ಎಂದರು, ಉತ್ತರಕ್ಕೆ ಕಾಯಲಿಲ್ಲ. ಗೋಡೆಯ ಮೂಲೆಯಲ್ಲಿ ನಾನು ಬೋರಲು ಹಾಕಿದ್ದ ಬುರುಡೆಯೊಂದನ್ನು ಕಾಲಿನಲ್ಲಿ ಹೊರಳಿಸಿ ತೊಟ್ಟಿನ ಕಡೆಯನ್ನು ನೋಡಿದರು. ನಾನು ಮಜ್ಜಿಗೆ ತುಂಬಿದ ಬಟ್ಟಲು ಹಿಡಿದು ಹೊಸ್ತಿಲಲ್ಲೇ ನಿಂತೆ. ನಾದಿನಿಯೂ ಬೀದಿ ಬಿಟ್ಟು ಇತ್ತ ತಿರುಗಿದಳು.

"ಸಣ್ಣ ಮರದ್ದು ಕೀಳ್ಸಿದ್ರಾ? ನೀರು ಬೋ ಸೀ ಕಣವ್ವ. ಹೋದ್ವಾರ ನಾನೂ ಎಲ್ಡು ಕುಡ್ದೆ, ನಿಂಗೆ ಹೇಳಾದು ಮರ್ತಿದ್ದೆ" ಎಂದು ಬಟ್ಟಲು ಇಸಕೊಂಡು ಬೇಲಿಯ ಕಡೆ ತಿರುಗಿದರು. "ಬದುಕಿರೋಗಂಟ ಒಂದು ಎಳ್ನೀರು ಕೊಟ್ಟೋಳಲ್ಲ ನಿಮ್ಮತ್ತೆ. ಈಗ್ಲಾದ್ರೂ ಕೈ ಬಿಚ್ಚವ್ಳೆ ಬುಡು."